ತೂಗಾಡಿ ಉಳಿಯುವ ಹೋಟೆಲುಗಳು

ಜಪಾನಿನ ಟೋಕಿಯೋ ನಗರದ ಷಿಂಜುಕು ಭಾಗದಲ್ಲಿ ಕೆಯೊ ಪ್ಲಾಜಾ ಎಂಬ 47 ಮಹಡಿಗಳ ಹೋಟೆಲೊಂದಿದೆ. ಅದರ ಮೂವತ್ತೈದನೆಯ ಮಹಡಿಯ ಕೋಣೆಯೊಂದರಲ್ಲಿ ನೀವು ತಂಗಿದ್ದೀರಿ ಎಂದುಕೊಳ್ಳಿ. ಹೊರಗೆ ಬಿರುಗಾಳಿ ಬೀಸುತ್ತಿದೆ. ಕಿಟಕಿ ತುಂಬ ದೀಪಗಳ ನಗರ ಕಾಣುತ್ತಿದೆ. ಮಧ್ಯರಾತ್ರಿಯ ಹೊತ್ತಿಗೆ ನಿಮಗೆ ಎಚ್ಚರವಾಗುತ್ತದೆ. ಬಟ್ಟೆಯ ಬೀರುವಿನೊಳಗಿನ ಖಾಲಿ ಹ್ಯಾಂಗರುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿವೆ. ಗೋಡೆಯ ಒಳಗೆಲ್ಲೋ ಹಳೆಯ ಎತ್ತಿನ ಗಾಡಿಯಂತೆ ಕಿರ್ರೆನ್ನುವ ಶಬ್ದ. ಹಾಸಿಗೆ ನಿಮ್ಮನ್ನು ಬಹು ನಿಧಾನವಾಗಿ, ಐದು ಸೆಕೆಂಡಿಗೊಮ್ಮೆ, ಅತ್ತಿಂದಿತ್ತ ತೂಗುತ್ತಿರುವಂತೆ ಅನಿಸುತ್ತದೆ.

ಆ ಕ್ಷಣದಲ್ಲಿ ಮನಸ್ಸಿಗೆ ಬರುವ ಮೊದಲ ಯೋಚನೆ ಯಾವುದು? ‘ಇಷ್ಟು ದುಬಾರಿ ಹೋಟೆಲು, ಇನ್ನೂ ಸ್ವಲ್ಪ ಗಟ್ಟಿಯಾಗಿ ಕಟ್ಟಬಾರದಿತ್ತೆ?’ ಎಂಬುದೇ ಅಲ್ಲವೆ? ಇದು ಸಹಜವಾದ ಯೋಚನೆ. ಜಪಾನಿನ ಅತ್ಯಂತ ಸಮರ್ಥ ಎಂಜಿನಿಯರುಗಳೂ ಸುಮಾರು ನಲವತ್ತು ವರ್ಷ ಹೀಗೆಯೇ ಯೋಚಿಸಿದ್ದರು. ಕಟ್ಟಡ ಅಲುಗಾಡಬಾರದು, ಅಲುಗಾಡುವುದೆಂದರೆ ದುರ್ಬಲವಾಗಿದೆ ಎಂದೇ ಅರ್ಥ ಎಂದು ಅವರು ಬಲವಾಗಿ ನಂಬಿದ್ದರು. ಅವರಲ್ಲೇ ಒಬ್ಬರು ಕೊನೆಗೆ ಆ ನಂಬಿಕೆಯಿಂದ ಹೊರಬಂದದ್ದರಿಂದ ಜಪಾನಿನಲ್ಲಿ ಗಗನಚುಂಬಿಗಳು ಎದ್ದವು.

ಮುರಿದ ಗೋಪುರ

ಮೊದಲಿಗೆ 1890ಕ್ಕೆ ಹೋಗೋಣ. ಆ ವರ್ಷ ಟೋಕಿಯೋದ ಅಸಾಕುಸಾದಲ್ಲಿ ರ್ಯೋಉನ್‌ಕಾಕು ಎಂಬ 12 ಅಂತಸ್ತಿನ ಗೋಪುರ ತೆರೆಯಿತು. ಆ ಹೆಸರಿನ ಅರ್ಥ ‘ಮೋಡಗಳನ್ನು ಮೀರಿದ್ದು’. ಇದರ ನಕ್ಷೆಯನ್ನು ಮಾಡಿದವರು ಟೋಕಿಯೋದಲ್ಲಿ ಪಾಠ ಹೇಳುತ್ತಿದ್ದ ಸ್ಕಾಟ್ಲೆಂಡಿನ ಎಂಜಿನಿಯರ್ ವಿಲಿಯಂ ಬರ್ಟನ್. ಕೆಳಗಿನ ಹತ್ತು ಅಂತಸ್ತು ಇಟ್ಟಿಗೆಯದು, ಮೇಲಿನೆರಡು ಮರದ್ದು. ಜಪಾನಿನ ಮೊದಲ ವಿದ್ಯುತ್ ಲಿಫ್ಟ್ ಇದ್ದದ್ದೂ ಇಲ್ಲಿಯೇ. ಆದರೆ ಅದು ಅಪಾಯಕಾರಿ ಎಂದು ಮರುವರ್ಷವೇ ಸರ್ಕಾರ ನಿಲ್ಲಿಸಿತು.

ಅದೇ 1891ರ ಅಕ್ಟೋಬರ್ 28ರಂದು ಮಧ್ಯ ಜಪಾನಿನಲ್ಲಿ ನೋಬಿ ಭೂಕಂಪ ಸಂಭವಿಸಿ ಏಳು ಸಾವಿರಕ್ಕೂ ಹೆಚ್ಚು ಜನ ಸತ್ತರು. ಪಾಶ್ಚಾತ್ಯ ಮಾದರಿಯ ಇಟ್ಟಿಗೆ ಕಟ್ಟಡಗಳು, ಹೊಸ ಸೇತುವೆಗಳು ಕುಸಿದುಬಿದ್ದವು. ಇಟ್ಟಿಗೆಗೂ ಗಾರೆಗೂ ಒತ್ತುವಿಕೆಯನ್ನು ತಡೆಯುವ ಶಕ್ತಿ ಚೆನ್ನಾಗಿದೆ, ಎಳೆತವನ್ನು ತಡೆಯುವ ಶಕ್ತಿ ಬಹಳ ಕಡಿಮೆ. ನೆಲ ಅಡ್ಡಡ್ಡವಾಗಿ ಅಲುಗಿದಾಗ ಗೋಡೆಯ ಒಂದು ಮಗ್ಗುಲು ಎಳೆತಕ್ಕೆ ಸಿಕ್ಕಿ ಬಿರುಕು ಬಿಡುತ್ತದೆ. ಮರುವರ್ಷ ಸರ್ಕಾರ ಭೂಕಂಪಗಳ ಅಧ್ಯಯನಕ್ಕೆಂದೇ ಒಂದು ಸಮಿತಿಯನ್ನು ನೇಮಿಸಿತು. ಅಸಾಕುಸಾದ ಗೋಪುರ ಮಾತ್ರ ಇನ್ನೂ ಮೂವತ್ತೆರಡು ವರ್ಷ ಹಾಗೆಯೇ ನಿಂತಿತ್ತು.

ಸಮಿತಿಯ ಕೆಲಸದ ಜೊತೆಯಲ್ಲಿ ಬೆಳೆದವರು ಟೋಕಿಯೋ ವಿಶ್ವವಿದ್ಯಾನಿಲಯದ ತೋಶಿಕಾತಾ ಸಾನೊ. ಇವರು 1906ರ ಸ್ಯಾನ್‌ಫ್ರಾನ್ಸಿಸ್ಕೋ ಭೂಕಂಪದ ಹಾನಿಯನ್ನು ಕಣ್ಣಾರೆ ನೋಡಿ ಬಂದಿದ್ದರು. ಅವರು ಮುಂದಿಟ್ಟ ವಿಚಾರ ಬಹಳ ಸರಳವಾದದ್ದು. ನೆಲಕ್ಕೆ ವೇಗೋತ್ಕರ್ಷ ಉಂಟಾದರೆ ಅದರ ಮೇಲಿರುವ ಕಟ್ಟಡದ ಮೇಲೆ ರಾಶಿ × ವೇಗೋತ್ಕರ್ಷದಷ್ಟು ಬಲ ಬೀಳುತ್ತದೆ. ಇದು ನ್ಯೂಟನ್ನನ ಎರಡನೆಯ ನಿಯಮವಲ್ಲದೆ ಬೇರೆಯಲ್ಲ. ಆದ್ದರಿಂದ ಭೂಕಂಪವನ್ನು ಕಟ್ಟಡದ ತೂಕದ ಇಂತಿಷ್ಟು ಭಾಗವೆಂದು ಎಣಿಸಿ, ಅಷ್ಟು ಬಲ ಪಕ್ಕದಿಂದ ತಳ್ಳಿದರೂ ತಡೆದುಕೊಳ್ಳುವಂತೆ ಕಟ್ಟಿದರಾಯಿತು. ಹೀಗೆ, ಭೂಕಂಪವೆಂಬ ಮಹಾಭಯಕ್ಕೆ ಮೊದಲ ಬಾರಿಗೆ ಒಂದು ಅಂಕಿ ಸಿಕ್ಕಿತು. ಆದರೆ ಈ ಲೆಕ್ಕದಲ್ಲಿ ಕಟ್ಟಡವನ್ನು ನೆಲಕ್ಕೆ ಅಂಟಿಸಿದ ಬಂಡೆಯಂತೆ ಭಾವಿಸಲಾಗಿದೆ. ಇದನ್ನು ಗಮನದಲ್ಲಿಡಿ, ಮುಂದೆ ಬೇಕಾಗುತ್ತದೆ.

ಹೋಟೆಲಿನ ಉದ್ಘಾಟನೆಯ ದಿನ

1923ರ ಸೆಪ್ಟೆಂಬರ್ 1ರಂದು ಟೋಕಿಯೋದಲ್ಲಿ ಇಂಪೀರಿಯಲ್ ಹೋಟೆಲಿನ ಹೊಸ ಕಟ್ಟಡದ ಉದ್ಘಾಟನೆಯ ಔತಣ ಏರ್ಪಾಡಾಗಿತ್ತು. ಇದನ್ನು ರೂಪಿಸಿದವರು ಅಮೆರಿಕದ ಪ್ರಸಿದ್ಧ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್. ಅಡಿಗೆಮನೆಯಲ್ಲಿ ಒಲೆಗಳು ಉರಿಯುತ್ತಿದ್ದ ಹೊತ್ತು. ಮಧ್ಯಾಹ್ನ 11 ಗಂಟೆ 58 ನಿಮಿಷಕ್ಕೆ ನೆಲ ನಡುಗಿತು. ಕಾಂಟೊ ಮಹಾಭೂಕಂಪ ಎಂದು ಹೆಸರಾದ ಆ ಅನಾಹುತದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಭೂಕಂಪದ ಬೆನ್ನಿಗೇ ಹಬ್ಬಿದ ಬೆಂಕಿ. ಅಸಾಕುಸಾದ ಇಟ್ಟಿಗೆ ಗೋಪುರ ಎಂಟನೆಯ ಅಂತಸ್ತಿನಲ್ಲಿ ಮುರಿಯಿತು. ಉಳಿದ ಮೋಟನ್ನು ಆಮೇಲೆ ಸಿಡಿಮದ್ದಿಟ್ಟು ಉರುಳಿಸಲಾಯಿತು.

ಇಂಪೀರಿಯಲ್ ಹೋಟೆಲು ಉಳಿಯಿತು. ಈ ಸುದ್ದಿ ತಂತಿಯ ಮೂಲಕ ಅಮೆರಿಕಕ್ಕೆ ಹೋಗಿ, ರೈಟ್ ಅವರ ಕೀರ್ತಿಯನ್ನು ಇನ್ನಷ್ಟು ಬೆಳೆಸಿತು. ಅಲ್ಲಿಯ ನೆಲದಲ್ಲಿ ಮೇಲೆ ಎರಡೂವರೆ ಮೀಟರಿನಷ್ಟು ಗಟ್ಟಿ ಮಣ್ಣು, ಅದರ ಕೆಳಗೆ ಆಳದವರೆಗೆ ಕೆಸರು. ರೈಟ್ ಅವರು ಉದ್ದನೆಯ ಕಂಬಗಳನ್ನು ಕೆಸರಿನಾಚೆಗೆ ಇಳಿಸಲು ಹೋಗದೆ, ಮೇಲ್ಮಣ್ಣಿನಲ್ಲೇ ಚಿಕ್ಕ ಚಿಕ್ಕ ಕಂಬಗಳನ್ನು ಒತ್ತೊತ್ತಾಗಿ ನೆಟ್ಟು, ನೀರಿನ ಮೇಲೆ ಹಡಗು ತೇಲುವಂತೆ ಕಟ್ಟಡ ಕೆಸರಿನ ಮೇಲೆ ತೇಲಬೇಕೆಂದು ಬಯಸಿದ್ದರು. ಹೋಟೆಲು ಉಳಿದದ್ದು ಈ ಉಪಾಯದಿಂದಲೇ ಎಂದು ಹಲವು ಪುಸ್ತಕಗಳಲ್ಲಿ ಬರೆದಿರುವುದನ್ನು ನೀವು ಓದಿರಬಹುದು. ಇದನ್ನು ಪೂರ್ತಿ ಒಪ್ಪುವಂತಿಲ್ಲ. ಟೋಕಿಯೋದಲ್ಲಿ ಆ ದಿನ ಉಳಿದ ದೊಡ್ಡ ಕಟ್ಟಡ ಅದೊಂದೇ ಅಲ್ಲ. ಮೇಲಾಗಿ ಮೆದುಮಣ್ಣು ಭೂಕಂಪದ ಅಲುಗಾಟವನ್ನು ತಗ್ಗಿಸುವುದಕ್ಕಿಂತ ಹಿಗ್ಗಿಸುವುದೇ ಹೆಚ್ಚು. ಆ ಹೋಟೆಲು ವರ್ಷಗಳು ಕಳೆದಂತೆ ಕೆಸರಿನಲ್ಲಿ ಏರುಪೇರಾಗಿ ಇಳಿಯುತ್ತ ಹೋಯಿತು. ಅದರಲ್ಲಿ ನಿಜಕ್ಕೂ ಮೆಚ್ಚಬೇಕಾದ ಅಂಶ ಅಂಗಳದ ಕೊಳ. ಬೆಂಕಿ ಹಬ್ಬಿದಾಗ ನೀರಿಗೆ ಆಧಾರವಾದದ್ದು ಅದು.

ಎಂಜಿನಿಯರುಗಳ ಕಣ್ಣು ಬಿದ್ದದ್ದು ಬೇರೊಂದು ಕಟ್ಟಡದ ಮೇಲೆ. ಸಾನೊ ಅವರ ಶಿಷ್ಯ ತಾಚು ನೈಟೊ ಅವರು ಲೆಕ್ಕ ಹಾಕಿ ಕಟ್ಟಿಸಿದ್ದ ಇಂಡಸ್ಟ್ರಿಯಲ್ ಬ್ಯಾಂಕಿಗೆ ಹೆಚ್ಚುಕಡಿಮೆ ಏನೂ ಆಗಿರಲಿಲ್ಲ. ಸಮೀಪದಲ್ಲೇ ಅಮೆರಿಕನ್ ಪದ್ಧತಿಯಂತೆ ಕಟ್ಟಿದ ಕಚೇರಿಗಳ ಗೋಡೆಗಳು ಒಡೆದುಹೋಗಿದ್ದವು. ನೈಟೊ ಅವರು ಉಕ್ಕಿನ ಚೌಕಟ್ಟಿನ ನಡುವೆ ಅಲ್ಲಲ್ಲಿ ಕಾಂಕ್ರೀಟಿನ ದಪ್ಪ ಗೋಡೆಗಳನ್ನು ಕೂರಿಸಿದ್ದರು. ಈ ಯೋಚನೆ ಅವರಿಗೆ ಹೊಳೆದದ್ದು ಅಮೆರಿಕ ಪ್ರವಾಸದಲ್ಲಂತೆ. ಹೆಚ್ಚು ಸಾಮಾನು ತುರುಕಲೆಂದು ಪೆಟ್ಟಿಗೆಯ ಒಳಗಿನ ಅಡ್ಡಹಲಗೆಗಳನ್ನು ತೆಗೆದಿದ್ದರು. ಪೆಟ್ಟಿಗೆ ದಾರಿಯಲ್ಲಿ ಜಜ್ಜಿಹೋಯಿತು. ಅಡ್ಡಹಲಗೆಯ ಬೆಲೆ ತಿಳಿಯಲು ಅಷ್ಟು ಸಾಕಾಯಿತು! ಇದೇ ನೈಟೊ ಅವರು ಮುಂದೆ 1958ರಲ್ಲಿ 333 ಮೀ. ಎತ್ತರದ ಟೋಕಿಯೋ ಟವರನ್ನು ರೂಪಿಸಿದರು.

1924ರಲ್ಲಿ ಸಾನೊ ಅವರ ವಿಚಾರ ಕಾನೂನಾಯಿತು. ತೂಕದ ಹತ್ತನೆಯ ಒಂದು ಭಾಗದಷ್ಟು ಬಲವನ್ನು ಪಕ್ಕದಿಂದ ತಡೆಯುವಂತೆ ಕಟ್ಟಬೇಕು ಎಂಬುದು ನಿಯಮ. ಎತ್ತರಕ್ಕೂ ಒಂದು ಮಿತಿ ಇತ್ತು, 100 ಶಾಕು, ಅಂದರೆ ಸುಮಾರು 31 ಮೀ. ಈ ಮಿತಿ ಭೂಕಂಪದ ಭಯದಿಂದ ಬಂದದ್ದೆಂದು ಅನೇಕರು ತಿಳಿದಿದ್ದಾರೆ. ಆದರೆ ಅದು 1919ರ ಕಾನೂನಿನಲ್ಲೇ ಇತ್ತು. ನಾವು ನೂರು ಅಡಿ ಎನ್ನುವಂತೆ, ನೂರು ಶಾಕು ಎಂಬುದು ಒಂದು ಪೂರ್ಣ ಅಂಕಿ, ಅಷ್ಟೆ. ಹೇಗೂ ಇರಲಿ, ಮುಂದಿನ ನಾಲ್ಕು ದಶಕ ಟೋಕಿಯೋದ ಕಟ್ಟಡಗಳ ತಲೆಗಳೆಲ್ಲ ಒಂದೇ ಮಟ್ಟದಲ್ಲಿ ಕತ್ತರಿಸಿಟ್ಟಂತೆ ಕಾಣುತ್ತಿದ್ದವು.

ಗಡಸೋ, ಮೆದುವೋ?

ಈಗ ನೀವು ತರಗತಿಯಲ್ಲಿ ಮಾಡಬಹುದಾದ ಒಂದು ಪ್ರಯೋಗ. ಒಂದು ಮೀಟರ್ ಉದ್ದದ ದಾರಕ್ಕೆ ಕಲ್ಲೊಂದನ್ನು ಕಟ್ಟಿ ಕೈಯಲ್ಲಿ ಹಿಡಿದುಕೊಳ್ಳಿ. ಈ ಲೋಲಕದ ಅವಧಿ ಸುಮಾರು 2 ಸೆಕೆಂಡು. ಮೊದಲು ಕೈಯನ್ನು ಬಹಳ ನಿಧಾನವಾಗಿ ಅತ್ತಿತ್ತ ಸರಿಸಿ. ಕಲ್ಲು ಕೈಯ ಜೊತೆಯಲ್ಲೇ ಹೋಗುತ್ತದೆ. ಈಗ ಕೈಯನ್ನು ಬಹಳ ಬೇಗ ಬೇಗ ಅಲುಗಿಸಿ. ಕೈ ಅಲುಗುತ್ತಿದ್ದರೂ ಕಲ್ಲು ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ. ಮೂರನೆಯ ಸಲ, ಸರಿಯಾಗಿ 2 ಸೆಕೆಂಡಿಗೊಮ್ಮೆ ಕೈಯನ್ನು ಸ್ವಲ್ಪವೇ ಸ್ವಲ್ಪ ಅಲುಗಿಸಿ. ನಾಲ್ಕಾರು ಬಾರಿಯಲ್ಲಿ ಕಲ್ಲು ಎದುರಿಗಿದ್ದವರ ಮೂಗಿಗೆ ತಾಗುವಷ್ಟು ಜೀಕುತ್ತದೆ. ಇದೇ ಅನುರಣನೆ. ಕಟ್ಟಡವು ಮೇಲಿಂದ ತೂಗುವುದಿಲ್ಲ, ಕೆಳಗಿನಿಂದ ನಿಂತಿರುತ್ತದೆ, ನಿಜ. ಆದರೂ ಕಂಪನದ ಲೆಕ್ಕದಲ್ಲಿ ಅದು ಈ ಕಲ್ಲಿನಂತೆಯೇ ವರ್ತಿಸುತ್ತದೆ.

ಕಟ್ಟಡದ ಅವಧಿಯನ್ನು ಅಂದಾಜು ಮಾಡುವುದು ಸುಲಭ. ಉಕ್ಕಿನ ಕಟ್ಟಡವಾದರೆ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು 0.03ರಿಂದ ಗುಣಿಸಿ. 10 ಮೀ.ಗೆ 0.3 ಸೆಕೆಂಡು, 170 ಮೀ.ಗೆ ಸುಮಾರು 5 ಸೆಕೆಂಡು. ಕಾಂಕ್ರೀಟಿನದಾದರೆ 0.02ರಿಂದ ಗುಣಿಸಬೇಕು. ಹತ್ತಿರದ ಭೂಕಂಪದ ತೀವ್ರವಾದ ಅಲುಗಾಟದಲ್ಲಿ ಹೆಚ್ಚು ಬಲವಿರುವುದು ಸಾಮಾನ್ಯವಾಗಿ 1 ಸೆಕೆಂಡಿಗಿಂತ ಕಡಿಮೆ ಅವಧಿಯ ಅಲೆಗಳಲ್ಲಿ. ಅಂದರೆ ಎತ್ತರದ, ಬಳುಕುವ ಕಟ್ಟಡವೊಂದು ನಮ್ಮ ಪ್ರಯೋಗದ ಎರಡನೆಯ ಸ್ಥಿತಿಯಲ್ಲಿರುತ್ತದೆ. ನೆಲ ಬೇಗ ಬೇಗ ಅಲುಗುತ್ತದೆ, ಮೇಲ್ಭಾಗ ಅದರ ಹಿಂದೆ ಓಡುವುದಿಲ್ಲ.

1920ರ ದಶಕದ ಕೊನೆಯಲ್ಲಿ ನೌಕಾಪಡೆಯ ಎಂಜಿನಿಯರ್ ಕೆನ್ಸಬುರೊ ಮಜಿಮಾ ಈ ಮಾತನ್ನೇ ಹೇಳಿದರು. ಕಟ್ಟಡವನ್ನು ಮೆದುವಾಗಿ, ದೀರ್ಘ ಅವಧಿಯದಾಗಿ ಕಟ್ಟಿ ಎಂಬುದು ಅವರ ವಾದ. ಸಾನೊ ಅವರ ಕಡೆಯವರು ಇದನ್ನು ಒಪ್ಪಲಿಲ್ಲ. ಗಡಸಾಗಿ ಕಟ್ಟಿದ್ದು ಉಳಿಯಿತು, ನೈಟೊ ಅವರ ಬ್ಯಾಂಕನ್ನು ನೋಡಿ ಎಂದರು. ಗಡಸಿನ ಪರವಾಗಿ ವಾದಿಸಿದವರಲ್ಲಿ ಯುವಕ ಕಿಯೋಶಿ ಮುಟೊ ಕೂಡ ಒಬ್ಬರು. ವರ್ಷಗಟ್ಟಲೆ ನಡೆದ ಈ ಚರ್ಚೆ ಜಪಾನಿನ ಎಂಜಿನಿಯರಿಂಗ್ ಇತಿಹಾಸದಲ್ಲಿ ‘ಮೆದು–ಗಡಸು ವಾದ’ ಎಂದೇ ಪ್ರಸಿದ್ಧವಾಗಿದೆ. ಗೆದ್ದವರು ಯಾರು? ಯಾರೂ ಇಲ್ಲ. ಏಕೆಂದರೆ ಬಲವಾದ ಭೂಕಂಪದಲ್ಲಿ ನೆಲ ಕ್ಷಣಕ್ಷಣಕ್ಕೂ ಹೇಗೆ ಚಲಿಸುತ್ತದೆ ಎಂಬ ದಾಖಲೆ ಇಬ್ಬರ ಬಳಿಯೂ ಇರಲಿಲ್ಲ. ಆಗಿನ ಭೂಕಂಪಮಾಪಕಗಳು ದೂರದ ಕಂಪನಕ್ಕೆ ಸೂಕ್ಷ್ಮವಾಗಿದ್ದವು, ಹತ್ತಿರದ ಹೊಡೆತಕ್ಕೆ ಅವುಗಳ ಸೂಜಿ ಕಾಗದದಾಚೆಗೆ ಹಾರುತ್ತಿತ್ತು. ದತ್ತಾಂಶವಿಲ್ಲದ ವಾದ ಎಷ್ಟು ಕಾಲವಾದರೂ ನಡೆಯಬಹುದು. ಅಲ್ಲಿಯವರೆಗೆ ಗಡಸಿನ ಪಕ್ಷವೇ ನಿಯಮಗಳನ್ನು ಬರೆಯುತ್ತಿತ್ತು.

ದಾಖಲೆ ಸಿಕ್ಕಿದ್ದು ಅಮೆರಿಕದಲ್ಲಿ. 1940ರ ಮೇ 18ರಂದು ಕ್ಯಾಲಿಫೋರ್ನಿಯದ ಎಲ್ ಸೆಂಟ್ರೋ ಎಂಬ ಊರಿನಲ್ಲಿಟ್ಟಿದ್ದ ಉಪಕರಣವೊಂದು ಪ್ರಬಲ ಭೂಕಂಪದ ವೇಗೋತ್ಕರ್ಷವನ್ನು ಮೊದಲಿಂದ ಕೊನೆಯವರೆಗೆ ಬರೆದಿಟ್ಟಿತು. ಗರಿಷ್ಠ ಪ್ರಮಾಣ ಗುರುತ್ವ ವೇಗೋತ್ಕರ್ಷದ ಸುಮಾರು ಮೂರನೆಯ ಒಂದು ಭಾಗ! ಹತ್ತನೆಯ ಒಂದು ಭಾಗಕ್ಕೆ ಲೆಕ್ಕ ಹಾಕುತ್ತಿದ್ದವರಿಗೆ ಇದು ಚಿಂತೆಯ ವಿಷಯವೇ. ಜಪಾನು 1953ರಲ್ಲಿ ಪ್ರಬಲ ಕಂಪನವನ್ನು ಬರೆದಿಡುವ ತನ್ನದೇ ಉಪಕರಣವನ್ನು ತಯಾರಿಸಿತು. 1960ರ ದಶಕದ ಹೊತ್ತಿಗೆ ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಕಟ್ಟಡವೊಂದರ ಅಲುಗಾಟವನ್ನು ಲೆಕ್ಕ ಹಾಕಿ ತೋರಿಸುವ ಅನಲಾಗ್ ಕಂಪ್ಯೂಟರು ಬಂದಿತ್ತು. ಎಲ್ ಸೆಂಟ್ರೋದ ದಾಖಲೆಯನ್ನು ಅದಕ್ಕೆ ಉಣಿಸಿ, ಎತ್ತರದ ಕಟ್ಟಡ ಏನಾಗುತ್ತದೆ ಎಂದು ನೋಡಬಹುದಾಗಿತ್ತು. ಆ ಕೆಲಸದ ಮುಂದಾಳು ಬೇರಾರೂ ಅಲ್ಲ, ಮೂವತ್ತು ವರ್ಷಗಳ ಹಿಂದೆ ಗಡಸಿನ ಪರವಾಗಿ ವಾದಿಸಿದ್ದ ಅದೇ ಮುಟೊ. ಎತ್ತರದ ಕಟ್ಟಡ ಬಳುಕಬೇಕು ಎಂಬ ತೀರ್ಮಾನಕ್ಕೆ ಅವರು ಬಂದಿದ್ದರು. ವಿಜ್ಞಾನದಲ್ಲಿ ಹೀಗೆ ಪಕ್ಷ ಬದಲಿಸುವುದನ್ನು ಯಾರೂ ಪಕ್ಷಾಂತರವೆನ್ನುವುದಿಲ್ಲ.

ಒಲಿಂಪಿಕ್ಸ್‌ಗಾಗಿ ಹಗುರಾದ ಸ್ನಾನದ ಮನೆ

1964ರ ಅಕ್ಟೋಬರಿನಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆಯಬೇಕಿತ್ತು. ಬರುವ ವಿದೇಶಿಯರಿಗೆ ಸಾಕಾಗುವಷ್ಟು ಕೋಣೆಗಳಿರಲಿಲ್ಲ. ಹಿಂದೊಮ್ಮೆ ಸುಮೋ ಕುಸ್ತಿಪಟುವಾಗಿದ್ದು ಆಮೇಲೆ ಉಕ್ಕಿನ ಉದ್ಯಮಿಯಾದ ಯೊನೆತಾರೊ ಓಟಾನಿ ತಮ್ಮ ಜಾಗದಲ್ಲಿ ಹೋಟೆಲು ಕಟ್ಟಲು ಒಪ್ಪಿಕೊಂಡರು. 17 ಅಂತಸ್ತು, ಸುಮಾರು 72 ಮೀ. ಎತ್ತರ, ಸಾವಿರಕ್ಕೂ ಹೆಚ್ಚು ಕೋಣೆಗಳು, ತುದಿಯಲ್ಲಿ ತಿರುಗುವ ಭೋಜನಶಾಲೆ. ಇದೇ ಹೋಟೆಲ್ ನ್ಯೂ ಓಟಾನಿ. ಕೆಲಸಕ್ಕೆ ಸಿಕ್ಕ ಕಾಲ ಒಂದೂವರೆ ವರ್ಷಕ್ಕೂ ಕಡಿಮೆ. ಇದೇ ಹೊತ್ತಿಗೆ, 1963ರ ತಿದ್ದುಪಡಿಯಿಂದ ಹಳೆಯ 31 ಮೀ. ಮಿತಿಯನ್ನು ಸಡಿಲಿಸುವ ದಾರಿಯೂ ತೆರೆದಿತ್ತು.

ಕಷ್ಟ ಬಂದದ್ದು ಸ್ನಾನದ ಮನೆಗಳಲ್ಲಿ. ಸಾವಿರ ಸ್ನಾನದ ಮನೆಗಳಿಗೆ ಒಂದೊಂದಾಗಿ ನೀರು ಸೋರದಂತೆ ಗಾರೆ ಹಾಕಿ, ಒಣಗಲು ಬಿಟ್ಟು, ಬಿಲ್ಲೆ ಅಂಟಿಸುವುದೆಂದರೆ ಕ್ರೀಡಾಕೂಟ ಮುಗಿದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ಜೊತೆಗೆ ಗಾರೆ, ಕಾಂಕ್ರೀಟಿನ ತೂಕ ಬೇರೆ. ಬಲ ಎಂದರೆ ರಾಶಿ × ವೇಗೋತ್ಕರ್ಷವಲ್ಲವೆ? ಮೇಲಿನ ಅಂತಸ್ತುಗಳಲ್ಲಿ ಸೇರುವ ಪ್ರತಿ ಟನ್ ತೂಕವೂ ಭೂಕಂಪದ ದಿನ ಕೆಳಗಿನ ಕಂಬಗಳ ಮೇಲೆ ಬಡ್ಡಿ ಸಮೇತ ಬೀಳುತ್ತದೆ. ಆಗ ಟೊಟೊ ಕಂಪೆನಿಯವರು ಗೋಡೆ, ತೊಟ್ಟಿ, ನೆಲವನ್ನೆಲ್ಲ ಸೇರಿಸಿ ಪ್ಲಾಸ್ಟಿಕ್ ಮುಂತಾದ ಹಗುರ ವಸ್ತುಗಳಿಂದ ಕಾರ್ಖಾನೆಯಲ್ಲೇ ಸ್ನಾನದ ಮನೆಗಳನ್ನು ಸಿದ್ಧಮಾಡಿದರು. ಇಂಥ 1,044 ಸ್ನಾನದ ಮನೆಗಳನ್ನು ತಂದು ಹೋಟೆಲಿನಲ್ಲಿ ಜೋಡಿಸಲಾಯಿತು. ಇಂದು ಜಪಾನಿನ ಸಾಮಾನ್ಯ ಮನೆಗಳಲ್ಲೂ ಕಾಣುವ ಜೋಡಣೆಯ ಸ್ನಾನದ ಮನೆಗೆ ಮೂಲ ಇದೇ. 1964ರ ಸೆಪ್ಟೆಂಬರ್ 1ರಂದು ಹೋಟೆಲು ತೆರೆಯಿತು. ಕಾಂಟೊ ಭೂಕಂಪವಾಗಿ ಅಂದಿಗೆ ಸರಿಯಾಗಿ 41 ವರ್ಷ.

ಮುಂದೆ 1968ರಲ್ಲಿ ಮುಟೊ ಅವರ ಕಸುಮಿಗಸೆಕಿ ಕಟ್ಟಡ ಮುಗಿಯಿತು. 36 ಅಂತಸ್ತು, 147 ಮೀ. ಇದು ಕಚೇರಿಗಳ ಕಟ್ಟಡವಾದರೂ ಇದರ ಗೋಡೆಗಳ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಗೋಡೆಗಳಿಲ್ಲದಿದ್ದರೆ ಉಕ್ಕಿನ ಚೌಕಟ್ಟು ಗಾಳಿಗೆ ಅತಿಯಾಗಿ ಬಳುಕುತ್ತದೆ. ಗಟ್ಟಿ ಗೋಡೆಗಳಿದ್ದರೆ ಭೂಕಂಪದಲ್ಲಿ ಅವು ಒಮ್ಮೆಗೇ ಸೀಳಿಹೋಗುತ್ತವೆ. ಮುಟೊ ಅವರು ಕಾಂಕ್ರೀಟ್ ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಉದ್ದುದ್ದ ಸೀಳುಗಳನ್ನು ಮೊದಲೇ ಬಿಟ್ಟರು. ಸಣ್ಣ ಬಲಕ್ಕೆ ಅದು ಗೋಡೆಯಂತೆ ನಿಲ್ಲುತ್ತದೆ, ದೊಡ್ಡ ಬಲ ಬಂದಾಗ ಸಾಲುಗಟ್ಟಿದ ತೆಳು ಕಂಬಗಳಂತೆ ಬಾಗುತ್ತದೆ. ಬಾಗುವಾಗ ಸಣ್ಣ ಬಿರುಕುಗಳು ಮೂಡಿ ಕಂಪನದ ಶಕ್ತಿ ಅಲ್ಲಿ ವ್ಯಯವಾಗುತ್ತದೆ. ಗಡಸು, ಮೆದು ಎರಡೂ ಒಂದೇ ಗೋಡೆಯಲ್ಲಿ! ಹಳೆಯ ವಾದಕ್ಕೆ ಇದಕ್ಕಿಂತ ಒಳ್ಳೆಯ ರಾಜಿ ಯಾವುದಿದ್ದೀತು?

ಆ ಹೊತ್ತಿಗೆ, ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿದ್ದ ರೈಟ್ ಅವರ ಇಂಪೀರಿಯಲ್ ಹೋಟೆಲನ್ನು ಕೆಡವುತ್ತಿದ್ದರು. ಅದರ ಮುಂಭಾಗದ ಹಜಾರವನ್ನು ಮಾತ್ರ ಐಚಿ ಪ್ರಾಂತದ ಮೈಜಿ ಮುರಾ ಎಂಬ ಬಯಲು ವಸ್ತುಸಂಗ್ರಹಾಲಯದಲ್ಲಿ ಮತ್ತೆ ಜೋಡಿಸಿಟ್ಟಿದ್ದಾರೆ.

ನೀರಿನ ಕೊಳಗಳಿದ್ದ ಜಾಗದಲ್ಲಿ

ನೀವು ಮಲಗಿರುವ ಹೋಟೆಲಿಗೆ ಈಗ ಮರಳೋಣ. ಷಿಂಜುಕುವಿನಲ್ಲಿ 1898ರಿಂದ 1965ರವರೆಗೆ ನಗರಕ್ಕೆ ನೀರು ಶುದ್ಧಮಾಡಿ ಕೊಡುವ ಯೊಡೊಬಾಶಿ ಸ್ಥಾವರವಿತ್ತು. ಅದನ್ನು ಊರಾಚೆಗೆ ಸಾಗಿಸಿದ ಮೇಲೆ ಉಳಿದ ವಿಶಾಲ ಜಾಗದಲ್ಲಿ ಎತ್ತರದ ಕಟ್ಟಡಗಳಿಗೆ ಅವಕಾಶವಾಯಿತು. ಅಲ್ಲಿಯ ರಸ್ತೆಗಳು ಇಂದಿಗೂ ಎರಡು ಮಟ್ಟದಲ್ಲಿವೆ. ಕೆಳಗಿನದು ಹಳೆಯ ಕೊಳಗಳ ತಳದ ಮಟ್ಟ. ಅಲ್ಲಿ ಮೊದಲು ಎದ್ದದ್ದೇ ಕೆಯೊ ಪ್ಲಾಜಾ. 1971ರ ಜೂನ್ 5ರಂದು ತೆರೆದ ಈ ಸುಮಾರು 170 ಮೀ. ಎತ್ತರದ ಹೋಟೆಲು 1974ರವರೆಗೆ ಜಪಾನಿನ ಅತ್ಯಂತ ಎತ್ತರದ ಕಟ್ಟಡವಾಗಿತ್ತು.

ಕಚೇರಿಗೂ ಹೋಟೆಲಿಗೂ ಒಂದು ವ್ಯತ್ಯಾಸವಿದೆ. ಕಚೇರಿಯಲ್ಲಿ ಜನ ಹಗಲು ಓಡಾಡುತ್ತಾರೆ, ಮಾತಾಡುತ್ತಾರೆ. ಹೋಟೆಲಿನಲ್ಲಿ ರಾತ್ರಿ, ಸದ್ದಿಲ್ಲದ ಕೋಣೆಯಲ್ಲಿ, ಮಲಗಿರುತ್ತಾರೆ. ಸಣ್ಣ ತೂಗಾಟವೂ ಅರಿವಿಗೆ ಬರುತ್ತದೆ. ಲೆಕ್ಕ ಮಾಡಿ ನೋಡಿ. ಸರಳ ಸಂಗತ ಚಲನೆಯಲ್ಲಿ ಗರಿಷ್ಠ ವೇಗೋತ್ಕರ್ಷ = ಪಾರ × (2 ಪೈ ÷ ಅವಧಿ)ಯ ವರ್ಗ. ಅವಧಿ 5 ಸೆಕೆಂಡು, ಪಾರ ಕೇವಲ 3 ಸೆಂ.ಮೀ. ಎಂದಿಟ್ಟುಕೊಂಡರೆ ವೇಗೋತ್ಕರ್ಷ ಸುಮಾರು 4.7 ಸೆಂ.ಮೀ./ಸೆ². ಗುರುತ್ವದ ಇನ್ನೂರನೆಯ ಒಂದು ಭಾಗಕ್ಕೂ ಸ್ವಲ್ಪ ಕಡಿಮೆ. ಇಷ್ಟನ್ನೇ ಹಲವರ ಒಳಗಿವಿ ಪತ್ತೆಮಾಡಿ, ನಿದ್ದೆ ಕೆಡಿಸುತ್ತದೆ. ಜಪಾನಿನ ವಾಸ್ತುಶಿಲ್ಪ ಸಂಸ್ಥೆ ಗಾಳಿಗೆ ತೂಗುವ ಕಟ್ಟಡಗಳಲ್ಲಿ ವಾಸಯೋಗ್ಯತೆಯನ್ನು ಅಳೆಯುವ ಮಾರ್ಗಸೂಚಿಯನ್ನೇ 1991ರಲ್ಲಿ ಪ್ರಕಟಿಸಿತು.

ಇನ್ನು ಕಿರ್ರೆನ್ನುವ ಸದ್ದು. ಎತ್ತರದ ಕಟ್ಟಡಗಳ ವಿನ್ಯಾಸದಲ್ಲಿ, ಆಗಾಗ ಬರಬಹುದಾದ ಭೂಕಂಪಕ್ಕೆ ಒಂದು ಅಂತಸ್ತು ಅದರ ಕೆಳಗಿನದಕ್ಕಿಂತ ತನ್ನ ಎತ್ತರದ ಇನ್ನೂರನೆಯ ಒಂದು ಭಾಗದಷ್ಟು, ಬಹಳ ಅಪರೂಪದ ಮಹಾಕಂಪಕ್ಕೆ ನೂರನೆಯ ಒಂದು ಭಾಗದಷ್ಟು ಸರಿಯಬಹುದು ಎಂಬ ಮಿತಿ ರೂಢಿಯಲ್ಲಿದೆ. 3 ಮೀ. ಎತ್ತರದ ಕೋಣೆಯಾದರೆ ಒಂದೂವರೆ ಮತ್ತು ಮೂರು ಸೆಂ.ಮೀ. ಚೌಕವಾದ ಬಾಗಿಲಿನ ಚೌಕಟ್ಟು ಅಷ್ಟು ಓರೆಯಾದರೆ ಬಾಗಿಲು ಸಿಕ್ಕಿಕೊಳ್ಳುತ್ತದೆ. ಅದಕ್ಕಾಗಿ ಬಾಗಿಲಿಗೂ ಚೌಕಟ್ಟಿಗೂ ನಡುವೆ ಹೆಚ್ಚು ಸಂದು ಬಿಟ್ಟ ಬಾಗಿಲುಗಳಿವೆ. ಕಿಟಕಿಯ ಗಾಜನ್ನೂ ಚೌಕಟ್ಟಿನೊಳಗೆ ಬಿಗಿಯಾಗಿ ಕೂರಿಸದೆ ಜಾರಲು ಜಾಗ ಬಿಡುತ್ತಾರೆ. ಕೋಣೆಗಳ ನಡುವಿನ ಗೋಡೆ ಹಗುರವಾದ ಹಲಗೆಗಳದು. ಈ ತುಣುಕುಗಳೆಲ್ಲ ಒಂದರ ಮೇಲೊಂದು ಸರಿಯುವ ಸದ್ದನ್ನೇ ನೀವು ಕೇಳಿದ್ದು.

ತೂಗಾಟವನ್ನು ತಗ್ಗಿಸುವ ಉಪಾಯವೂ ಬಂದಿದೆ. 1993ರಲ್ಲಿ ತೆರೆದ ಯೊಕೊಹಾಮಾದ 296 ಮೀ. ಎತ್ತರದ ಲ್ಯಾಂಡ್‌ಮಾರ್ಕ್ ಟವರಿನಲ್ಲಿ ಹೋಟೆಲಿಗೆ ಮೀಸಲಾದದ್ದು 49ನೆಯ ಅಂತಸ್ತಿನಿಂದ ಮೇಲಿನ ಭಾಗ. ಅದರ ತುದಿಯಲ್ಲಿ ನೇತುಹಾಕಿದ ಎರಡು ಭಾರಗಳಿವೆ. ಕಟ್ಟಡ ಬಲಕ್ಕೆ ತೂಗಿದಾಗ ಅವು ಎಡಕ್ಕೆ ತೂಗುವಂತೆ ಹೊಂದಿಸಲಾಗಿದೆ. ಇಲ್ಲೊಂದು ಸ್ವಾರಸ್ಯವಿದೆ. ಲೋಲಕದ ಅವಧಿ ಕಟ್ಟಡದ ಅವಧಿಗೆ ಸಮನಾಗಿರಬೇಕು. 6 ಸೆಕೆಂಡಿನ ಅವಧಿಗೆ ಲೋಲಕದ ಉದ್ದ ಸುಮಾರು 9 ಮೀ. ಬೇಕು. ಅಷ್ಟು ಎತ್ತರದ ಕೋಣೆಯನ್ನು ತುದಿಯಲ್ಲಿ ಎಲ್ಲಿಂದ ತರುವುದು? ಆದ್ದರಿಂದ ಒಂದು ಚೌಕಟ್ಟಿನೊಳಗೆ ಇನ್ನೊಂದನ್ನು, ಅದರೊಳಗೆ ಮತ್ತೊಂದನ್ನು ನೇತುಹಾಕಿ, ಉದ್ದದ ಲೋಲಕವನ್ನೇ ಮಡಿಚಿಟ್ಟಂತೆ ಮಾಡಿದ್ದಾರೆ.

ಎತ್ತರದ ಅಪಾಯ ಭೂಕಂಪವೊಂದೇ ಅಲ್ಲ. 1982ರ ಫೆಬ್ರವರಿ 8ರಂದು ಟೋಕಿಯೋದ ಹತ್ತು ಅಂತಸ್ತಿನ ಹೋಟೆಲ್ ನ್ಯೂ ಜಪಾನಿನಲ್ಲಿ ಹೊತ್ತಿದ ಬೆಂಕಿಗೆ 33 ಜನ ಬಲಿಯಾದರು. ಬೆಂಕಿಗೆ ತಾನಾಗಿ ನೀರು ಚಿಮ್ಮಿಸುವ ವ್ಯವಸ್ಥೆ ಅಲ್ಲಿ ಸರಿಯಾಗಿ ಇರಲಿಲ್ಲ. ಎತ್ತರಕ್ಕೆ ವಿರೋಧ ಇನ್ನೂ ಬೇರೆ ಕಾರಣಕ್ಕೂ ಬರುತ್ತದೆ. ಕ್ಯೋಟೋದಲ್ಲಿ 60 ಮೀ. ಎತ್ತರದ ಹೋಟೆಲೊಂದು 1994ರಲ್ಲಿ ಮುಗಿದಾಗ, ಹಳೆಯ ನಗರದ ಅಂದ ಕೆಟ್ಟಿತೆಂದು ಕೆಲವು ಬೌದ್ಧ ದೇವಾಲಯಗಳು ಆ ಹೋಟೆಲಿನ ಅತಿಥಿಗಳಿಗೆ ಪ್ರವೇಶವಿಲ್ಲವೆಂದು ಫಲಕ ಹಾಕಿದವು. 2007ರಲ್ಲಿ ಆ ನಗರ ತನ್ನ ಕೇಂದ್ರಭಾಗದ ಎತ್ತರದ ಮಿತಿಯನ್ನು ಇಳಿಸಿತು. ಎಷ್ಟಕ್ಕೆ ಗೊತ್ತೆ? ಮತ್ತೆ 31 ಮೀ.ಗೆ!

ದೂರದ ಭೂಕಂಪ

1995ರ ಜನವರಿ 17ರ ಬೆಳಗಿನ ಜಾವ ಕೋಬೆ ನಗರದ ಕೆಳಗೇ ಭೂಕಂಪ ಸಂಭವಿಸಿತು. ಸತ್ತವರು 6,400ಕ್ಕೂ ಹೆಚ್ಚು. ಹಳೆಯ ಮರದ ಮನೆಗಳು ನೆಲಸಮವಾದವು. ನಗರಸಭೆಯ ಹಳೆಯ ಕಟ್ಟಡವೊಂದರ ಆರನೆಯ ಅಂತಸ್ತು ಜಜ್ಜಿಹೋಯಿತು. ಆದರೆ 1988ರಲ್ಲಿ ತೆರೆದಿದ್ದ 37 ಅಂತಸ್ತಿನ ಶಿನ್-ಕೋಬೆ ಓರಿಯೆಂಟಲ್ ಹೋಟೆಲು ಕುಸಿಯದೆ ನಿಂತಿತ್ತು. ಬಳುಕುವ ಕಟ್ಟಡದ ಪರವಾಗಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಪ್ರಯೋಗದ ಎರಡನೆಯ ಸ್ಥಿತಿ ನೆನಪಿದೆಯಲ್ಲ?

ಮೂರನೆಯ ಸ್ಥಿತಿ ಬಾಕಿ ಇತ್ತು. 2011ರ ಮಾರ್ಚ್ 11ರ ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಈಶಾನ್ಯ ಜಪಾನಿನ ಕಡಲಲ್ಲಿ 9.0 ಪ್ರಮಾಣದ ಭೂಕಂಪವಾಯಿತು. ಅಷ್ಟು ದೊಡ್ಡ ಭೂಕಂಪದಿಂದ ಹಲವು ಸೆಕೆಂಡುಗಳ ಅವಧಿಯ ನಿಧಾನ ಅಲೆಗಳೂ ಹೇರಳವಾಗಿ ಹೊರಡುತ್ತವೆ. ಬೇಗ ಅಲುಗುವ ಅಲೆಗಳು ದೂರ ಹೋದಂತೆ ಸಾಯುತ್ತವೆ, ನಿಧಾನದವು ಅಷ್ಟು ಬೇಗ ಸಾಯುವುದಿಲ್ಲ. ಅವು ಸುಮಾರು 770 ಕಿ.ಮೀ. ದೂರದ ಒಸಾಕಾವನ್ನು ತಲುಪಿದಾಗ, ಕಡಲಂಚಿನ ದಪ್ಪನಾದ ಮೆದುಮಣ್ಣು ಅವನ್ನು ಮತ್ತೆ ಹಿಗ್ಗಿಸಿತು. ಅಲ್ಲಿ 256 ಮೀ. ಎತ್ತರದ, 55 ಅಂತಸ್ತಿನ ಸಾಕಿಷಿಮಾ ಸರ್ಕಾರಿ ಕಟ್ಟಡವಿತ್ತು. ನೆಲದ ಮೇಲೆ ನಿಂತವರಿಗೆ ಅಂಥ ಹೇಳಿಕೊಳ್ಳುವಂಥ ಕಂಪನವೇನೂ ಇರಲಿಲ್ಲ. ಆದರೆ ಕಟ್ಟಡದ ಅವಧಿಯೂ ಅಲ್ಲಿಯ ನೆಲದ ಅವಧಿಯೂ ಆರೂವರೆ ಸೆಕೆಂಡಿನ ಆಸುಪಾಸಿನಲ್ಲಿ ಒಂದಾಗಿದ್ದವು. ತುದಿ ಎರಡೂ ಕಡೆಗೆ ಸುಮಾರು 1.37 ಮೀ. ತೂಗಿತು, ಅದೂ ಹತ್ತು ನಿಮಿಷದಷ್ಟು ಕಾಲ. ಒಳಮಾಳಿಗೆಯ ಹಲಗೆಗಳು ಕಳಚಿದವು, ಲಿಫ್ಟುಗಳಲ್ಲಿ ಜನ ಸಿಕ್ಕಿಹಾಕಿಕೊಂಡರು. ಮೇಲಿನ ಸೂತ್ರದಲ್ಲಿ ಪಾರ 137 ಸೆಂ.ಮೀ., ಅವಧಿ 6.5 ಸೆಕೆಂಡು ಎಂದು ಹಾಕಿ ನೋಡಿ. ಸುಮಾರು 128 ಸೆಂ.ಮೀ./ಸೆ² ಬರುತ್ತದೆ. ಅಲ್ಲಿಯ ಉಪಕರಣ ದಾಖಲಿಸಿದ ಅಂಕಿ ಇದಕ್ಕೆ ಬಹಳ ಹತ್ತಿರ. ಕಟ್ಟಡ ಬೀಳಲಿಲ್ಲ. ಆದರೆ ಸುಮಾರು ಎಂಬತ್ತು ವರ್ಷ ಹಿಂದೆ ‘ಅವಧಿಯನ್ನು ಹೆಚ್ಚಿಸಿ, ಸಾಕು’ ಎಂದ ಮೆದುವಾದದವರು ಊಹಿಸದೆ ಇದ್ದ ಅಪಾಯ ಇದು. ಅವಧಿ ಹೆಚ್ಚಿಸಿದರೆ ಹತ್ತಿರದ ಭೂಕಂಪದಿಂದ ತಪ್ಪಿಸಿಕೊಳ್ಳಬಹುದು, ದೂರದ ದೊಡ್ಡ ಭೂಕಂಪದ ಕೈಗೆ ಸಿಕ್ಕಿಬೀಳಬಹುದು.

ಇದಕ್ಕೆ ಮದ್ದನ್ನು ನಿಮ್ಮ ಕಲ್ಲು-ದಾರದ ಪ್ರಯೋಗದಲ್ಲೇ ಕಾಣಬಹುದು. ಜೀಕುತ್ತಿರುವ ಕಲ್ಲನ್ನು ಬಕೆಟ್ಟಿನ ನೀರಿಗೆ ಇಳಿಸಿ. ಎರಡು ಮೂರು ತೂಗಾಟದಲ್ಲಿ ನಿಂತುಹೋಗುತ್ತದೆ. ಕಟ್ಟಡದಲ್ಲಿ ಈ ನೀರಿನ ಕೆಲಸ ಮಾಡುವುದು ಎಣ್ಣೆ ತುಂಬಿದ ಡ್ಯಾಂಪರುಗಳು. ಬೈಕಿನ ಷಾಕ್ ಅಬ್ಸಾರ್ಬರಿನ ಅಣ್ಣಂದಿರು ಎನ್ನಿ. ಕೆಯೊ ಪ್ಲಾಜಾದ ಹತ್ತಿರವೇ ಇರುವ, 1974ರ ಷಿಂಜುಕು ಮಿತ್ಸುಯಿ ಕಟ್ಟಡದ ಮಾಳಿಗೆಯ ಮೇಲೆ 2015ರ ಹೊತ್ತಿಗೆ ತಲಾ 300 ಟನ್ನಿನ ಆರು ಲೋಲಕಗಳನ್ನು ತೂಗುಹಾಕಿದರು. ಹಿಂದೆ ಗಾಳಿಗಾಗಿ ಇಡುತ್ತಿದ್ದ ಭಾರವನ್ನು ಇಲ್ಲಿ ಮಹಾಭೂಕಂಪಕ್ಕಾಗಿ ಇಟ್ಟಿದ್ದಾರೆ. ಒಸಾಕಾದಲ್ಲಿ 2014ರಲ್ಲಿ ತೆರೆದ 300 ಮೀ. ಎತ್ತರದ ಅಬೆನೊ ಹರುಕಾಸ್ ಕಟ್ಟಡದ ಮೇಲ್ಭಾಗದಲ್ಲೂ ಹೋಟೆಲಿದೆ. ಅದರಲ್ಲಿ ಮೊದಲಿಂದಲೇ ಹಲವು ಬಗೆಯ ಡ್ಯಾಂಪರುಗಳಿವೆ. 2017ರಿಂದ ದಕ್ಷಿಣದ ನಾನ್‌ಕೈ ಕಂದರದ ಭೂಕಂಪಕ್ಕೆ ಸಿಗಬಹುದಾದ ನಗರಗಳಲ್ಲಿ 60 ಮೀ. ಮೀರಿದ ಹೊಸ ಕಟ್ಟಡಗಳು ಈ ದೀರ್ಘಾವಧಿ ಅಲೆಗಳಿಗೂ ಲೆಕ್ಕ ತೋರಿಸಬೇಕು.

ಜಪಾನಿನ ಹವಾಮಾನ ಸಂಸ್ಥೆ ಇಂಥ ನಿಧಾನ ಕಂಪನಕ್ಕೆಂದೇ ನಾಲ್ಕು ದರ್ಜೆಗಳನ್ನು ಮಾಡಿದೆ. ನಾಲ್ಕನೆಯದರಲ್ಲಿ ಮೇಲಿನ ಅಂತಸ್ತಿನ ಜನ ನಿಲ್ಲಲಾರರು, ತೆವಳಬೇಕಾದೀತು. 2023ರ ಫೆಬ್ರವರಿಯಿಂದ ಮೊಬೈಲುಗಳಿಗೆ ಬರುವ ಭೂಕಂಪದ ಮುನ್ಸೂಚನೆಯಲ್ಲಿ ಈ ದರ್ಜೆಯನ್ನೂ ಪರಿಗಣಿಸಲಾಗುತ್ತಿದೆ. ಅಂದರೆ ಕೆಳಗಿನ ಬೀದಿಯಲ್ಲಿ ಏನೂ ಆಗದಿದ್ದರೂ, ಮೂವತ್ತೈದನೆಯ ಮಹಡಿಯ ನಿಮ್ಮ ಕೋಣೆಯಲ್ಲಿ ಫೋನು ಕೂಗಿಕೊಳ್ಳಬಹುದು. ಭೂಕಂಪ ದೂರದ್ದಾದರೆ ಸಿಗುವ ಸಮಯವೂ ಕಡಿಮೆಯೇನಲ್ಲ. ನೆಲದ ಮೇಲ್ಮೈಯಲ್ಲಿ ಸಾಗುವ ಅಲೆಗಳ ವೇಗ ಸೆಕೆಂಡಿಗೆ ಸುಮಾರು 3.5 ಕಿ.ಮೀ. ಎಂದಿಟ್ಟುಕೊಂಡು, 770 ಕಿ.ಮೀ.ಗೆ ಎಷ್ಟು ಹೊತ್ತಾಗುತ್ತದೆ ಎಂಬುದನ್ನು ನಿಮ್ಮ ವಿದ್ಯಾರ್ಥಿಗಳಿಂದ ಲೆಕ್ಕ ಮಾಡಿಸಿ. ಹಾಗೆಯೇ, 2011ರ ಅದೇ ದಿನ 223 ಮೀ. ಎತ್ತರದ ಷಿಂಜುಕು ಸೆಂಟರ್ ಕಟ್ಟಡದ ತುದಿ ಸುಮಾರು 54 ಸೆಂ.ಮೀ. ಪಾರದಲ್ಲಿ ತೂಗಿತ್ತು. ಅಲ್ಲಿ ಮೊದಲೇ ಎಣ್ಣೆಯ ಡ್ಯಾಂಪರುಗಳನ್ನು ಹಾಕಿದ್ದರು. ಅವಧಿಯನ್ನು 0.03ರ ನಿಯಮದಿಂದ ಅಂದಾಜು ಮಾಡಿ, ವೇಗೋತ್ಕರ್ಷ ಎಷ್ಟಿದ್ದೀತೆಂದು ಕಂಡುಹಿಡಿಯಲು ಹೇಳಿ. ಒಸಾಕಾದ ಅಂಕಿಯ ಪಕ್ಕದಲ್ಲಿ ಅದನ್ನು ಇಟ್ಟು ನೋಡಲಿ.